ಬಚ್ಚಲ ಗೋಡೆಯ ಬಿಳಿ ತೇಪೆ

ಶರೀಫಸಾಬರ ಇಸ್ತ್ರಿ ಇನ್ನೂ ಕಾದಿರಲಿಲ್ಲ, ಅಷ್ಟರಲ್ಲೇ ಕುಳ್ಳಗಿನ ರುಕ್ಮವ್ವ ಗೋಕುಲ ರಸ್ತೆಯ ಆ ಪುಟ್ಟ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಬಟ್ಟೆಗೆ ಬಣ್ಣ ಹಾಕುವುದು, ಕಲೆ ತೆಗೆಯುವುದು ಸಾಬರ ಕಸುಬು. ಮಂದಿಯ ಮನೆಯ ಗಂಟು ಬಿಡಿಸುವುದು ಅವರ ಹುಚ್ಚು. ದಿನಾ ಅಲ್ಲಿಗೆ ಪೇಪರ್ ಓದಲು ಬರುವ ನಿವೃತ್ತ ಮಾಸ್ತರ ಶಾಂತಯ್ಯನವರಿಗೋ, ಗಂಟು ಬಿಚ್ಚುವ ತನಕ ಕೂತಲ್ಲಿ ಕೂಡಲಾಗದು. ಆಗಲೇ ಎದ್ದು ನಿಂತಿದ್ದರು.

ರುಕ್ಮವ್ವ ಹೇಳಿದ್ದಿಷ್ಟು. ಬೈರಿದೇವರಕೊಪ್ಪದ ಹತ್ತಿ ವ್ಯಾಪಾರಿ ಅಮರೇಶನ ಮನೆಯಲ್ಲಿ ಅವಳದು ಹನ್ನೆರಡು ವರ್ಷದ ಕೆಲಸ. ಮೂರು ದಿನದ ಹಿಂದೆ, ಅಮರೇಶನ ಮಗಳು ಆರತಿಯನ್ನು ನೋಡಲು ಗಂಡಿನವರು ಬರುವ ದಿನ ಬೆಳಿಗ್ಗೆ, ಅವನ ತಾಯಿ ರತ್ನವ್ವ ಸ್ನಾನಕ್ಕೆ ಹೋದವರು ಕೆಮ್ಮಿ ಕೆಮ್ಮಿ ಬಚ್ಚಲಲ್ಲೇ ಬಿದ್ದರು. ಎದೆಗೆ ವಿಷದ ಗಾಳಿ ಹೋಗಿದೆ ಎಂದರು ಡಾಕ್ಟರು. ಜೀವ ಉಳಿದು ಮನೆಗೆ ಬಂದದ್ದೇ ಪುಣ್ಯ. ಬಚ್ಚಲಿಗೆ ಆಸಿಡ್ ಹಾಕಿದವಳು ರುಕ್ಮವ್ವ ಎಂದು ಅಪವಾದ ಅವಳ ತಲೆಗೇ ಬಂತು. ಅದೇ ಓಣಿಯ ಇನ್ನೂ ಮೂರು ಮನೆಯವರು ಅವಳನ್ನು ಕೆಲಸದಿಂದ ಬಿಡಿಸಿದ್ದರು.

"ಹನ್ನೆರಡು ವರ್ಷದಿಂದ ಅದ ಆಸಿಡ್ ಹಾಕಾಕತ್ತೇನ್ರಿ ಕಾಕಾ. ಯಾರೂ ಕೆಮ್ಮಿದ್ದಿಲ್ಲ."

ತೊಳೆದಿದ್ದೆಯಾ ಎಂದು ಸಾಬರು ಕೇಳಿದರು. ನಳದ ನೀರು ಬಂದು ಆರು ದಿನವಾಗಿತ್ತಂತೆ. ಅಂಥ ದಿನಗಳಲ್ಲಿ ಆಸಿಡ್ಡನ್ನು ನೆಲದ ಮೇಲೆ ಹಾಗೇ ಬಿಟ್ಟು, ಹಿತ್ತಲಲ್ಲಿ ಬಟ್ಟೆ ಒಗೆದ ನೀರಿನಿಂದ ಆಮೇಲೆ ತೊಳೆಯುವುದು ಅವಳ ರೂಢಿ; ಆ ಬೆಳಿಗ್ಗೆಯೂ ಹಾಗೇ ಬಿಟ್ಟು ಹಿತ್ತಲಿಗೆ ಹೋಗಿದ್ದಳು. ಸಾಬರ ಕಣ್ಣು ಅವಳ ಸೀರೆಯ ಅಂಚಿನ ಮೇಲಿತ್ತು. ಅವತ್ತೂ ಇದನ್ನೇ ಉಟ್ಟಿದ್ದಳಂತೆ. ಅಂಚಿನ ತುಂಬ ಸಣ್ಣ ಸಣ್ಣ ತೂತು, ನೀಲಿ ಬಣ್ಣ ಮಾತ್ರ ಗಟ್ಟಿಯಾಗಿತ್ತು.

ಸಾಬರೂ ಶಾಂತಯ್ಯನವರೂ ಸ್ಕೂಟರ್ ಏರಿದರು, ರುಕ್ಮವ್ವ ಹಿಂದಿನಿಂದ ಬಸ್ಸಿನಲ್ಲಿ ಬಂದಳು. ಬಾಗಿಲು ತೆರೆದ ಅಮರೇಶ ಆರಡಿ ಎತ್ತರದ ಆಳು. ಮಾತಿಗೊಮ್ಮೆ ಕೆಮ್ಮುತ್ತಿದ್ದ, ಹತ್ತಿಯ ಧೂಳು ಎಂದ. ಅವನ ಕರಿ ಪ್ಯಾಂಟಿನ ಪಾದದ ಹತ್ತಿರ ಕೆಂಪು ಚುಕ್ಕಿಗಳಿದ್ದವು. ಎಲಿಅಡಿಕಿ ಉಗುಳಿಕೊಂಡಿದ್ದಾನೆ ಎಂದು ಶಾಂತಯ್ಯ ಮುಖ ಕಿವುಚಿದರು.

ಬಚ್ಚಲಲ್ಲಿ ಸೋರುವ ಪೈಪಿನ ಸುತ್ತ ಗೋಡೆಯೆಲ್ಲ ಕಪ್ಪು ಬೂಷ್ಟು. ಸೂರಿಗೆ ತಾಗಿ, ಬಾಗಿಲಿಗೆ ನೇರ ಕಾಣುವಲ್ಲಿ ಮಾತ್ರ ತೇಪೆ ಹಾಕಿದ ಹಾಗೆ ಬೆಳ್ಳಗಿತ್ತು. ರುಕ್ಮವ್ವನೇ ಒರೆಸಿರಬೇಕು ಎಂದ ಅಮರೇಶ. ಸಾಬರು ಆರತಿಯನ್ನು ಕೇಳಿದ್ದು ಒಂದೇ: ಮನೆಯಲ್ಲಿ ಬ್ಲೀಚಿಂಗ್ ಪುಡಿ ಎಲ್ಲಿರುತ್ತದೆ? ಮಾಳಿಗೆಯ ಮೇಲೆ ನೀರಿನ ಟಾಕಿಯ ಹತ್ತಿರ, ನೀರು ಬಂದ ದಿನ ಅಪ್ಪನೇ ಟಾಕಿಗೆ ಹಾಕುತ್ತಾನೆ ಎಂದಳು. ಆ ಮೂರು ಮನೆಯವರನ್ನೂ ಈಗಲೇ ಕರೆಯಿರಿ ಎಂದರು ಸಾಬರು.

ಪಡಸಾಲೆ ತುಂಬಿತು. ರತ್ನವ್ವ ದಿಂಬಿಗೆ ಒರಗಿ ಕೂತರು. ರುಕ್ಮವ್ವ ಬಾಗಿಲ ಹೊರಗೇ ನಿಂತಳು. ಶಾಂತಯ್ಯ ಕಿಟಕಿಗೂ ಬಾಗಿಲಿಗೂ ನಡೆದಾಡಿದರು.

"ಆಸಿಡ್ ಸಿಡಿದ್ರ ಅರಿವಿ ತೂತು ಬೀಳ್ತದ," ಎಂದರು ಸಾಬರು. "ರುಕ್ಮವ್ವನ ಸೀರಿ ನೋಡ್ರಿ, ಬರೇ ತೂತು. ಬ್ಲೀಚಿಂಗ್ ಸಿಡಿದ್ರ ಬಣ್ಣ ಹೋಗ್ತದ. ಅಗ್ಗದ ಕರಿ ಅರಿವಿ ಆದ್ರ ಕೆಂಪಗಾಗ್ತದ. ಸಾವ್ಕಾರ್ರ ಪ್ಯಾಂಟ ನೋಡ್ರಿ."

ಎಲ್ಲರ ಕಣ್ಣೂ ಕೆಳಗಿಳಿದವು. ಶಾಂತಯ್ಯನವರಿಗೆ ತಮ್ಮ ಎಲಿಅಡಿಕಿಯ ಊಹೆ ನೆನಪಾಗಿ ನಾಚಿಕೆಯಾಯಿತು.

ಆ ಬಿಳಿ ತೇಪೆಗೆ ರುಕ್ಮವ್ವನ ಕೈ ಎಟಕುವುದಿಲ್ಲ ಎಂದು ಸಾಬರು ಮುಂದುವರಿಸಿದರು. ಗಂಡಿನವರಿಗೆ ಬೂಷ್ಟು ಕಾಣಬಾರದೆಂದು ಅಮರೇಶ ಪುಡಿ ಕಲಸಿ ಗೋಡೆಗೆ ಎರಚಿದ. ಅದು ಇಳಿದು ನೆಲದ ಆಸಿಡ್ಡಿಗೆ ಕೂಡಿತು. ಎರಡೂ ಕೂಡಿದರೆ ಏಳುವುದು ವಿಷದ ಗಾಳಿ; ಅವನ ಕೆಮ್ಮಿಗೂ ಅದೇ ಕಾರಣ. ಅವನು ಬಾಗಿಲು ಮುಂದೆ ಮಾಡಿ ಅಂಗಡಿಗೆ ಹೋದ, ತಾಯಿ ಒಳಗೆ ಹೋದರು.

ಅಮರೇಶ ಗೋಡೆಗೆ ಆತು ನಿಂತ. ಎರಡು ತಿಂಗಳಿಂದ ಅವ್ವ ಪೈಪು ರಿಪೇರಿ ಮಾಡಿಸು ಎನ್ನುತ್ತಿದ್ದಳು, ಮಾಡಿಸಿರಲಿಲ್ಲ ಎಂದು ಒಪ್ಪಿಕೊಂಡ.

"ಎರಡೂ ಕೂಡಬಾರದು ಅಂತ ನನಗ ಗೊತ್ತಿದ್ದಿಲ್ರಿ ಸಾಬ್ರ."

"ಅವತ್ತ ಮುಂಜಾನೆ ಗೊತ್ತಿದ್ದಿಲ್ಲ, ಖರೇ. ಡಾಕ್ಟರ್ ವಿಷದ ಗಾಳಿ ಅಂದ ಮ್ಯಾಲ ಪುಡಿ ಎರಚಿದ್ದು ಯಾಕ ಹೇಳ್ಲಿಲ್ಲ? ಮೂರು ದಿನ ಆತಲ್ರಿ."

ರತ್ನವ್ವ ಬಿದ್ದುಹೋದ ದನಿಯಲ್ಲಿ ಮಗನಿಗೆ ಕ್ಷಮೆ ಕೇಳಲು ಹೇಳಿದರು. ಅವನು ಎಲ್ಲರೆದುರು ರುಕ್ಮವ್ವನಿಗೆ ಕೈಮುಗಿದ. ಮೂರೂ ಮನೆಯವರು ನಾಳೆಯಿಂದ ಬಾ ಎಂದರು.

ರುಕ್ಮವ್ವ ಒಳಗೆ ಬಂದು ರತ್ನವ್ವನ ಕಾಲು ಮುಟ್ಟಿದಳು. ಆಮೇಲೆ ಸೆರಗಿನ ತುದಿಯಿಂದ ಹಿತ್ತಲ ಬಾಗಿಲ ಕೀಲಿ ಬಿಚ್ಚಿ ಅವರ ದಿಂಬಿನ ಹತ್ತಿರ ಇಟ್ಟಳು.

"ಆ ಮೂರು ಮನಿಗೆ ಹೋಗ್ತೇನ್ರಿ ಅವ್ವಾರ. ಈ ಮನಿ ಒಲ್ಲೆ."

ರತ್ನವ್ವ ಆ ಕೀಲಿಯನ್ನು ಎತ್ತಿಕೊಂಡರು. ಆಮೇಲೆ ಅದನ್ನು ಮಗನ ಕೈಗೆ ಕೊಟ್ಟರು.

"ಹಿಡಿ. ಇನ್ನ ಬಚ್ಚಲಾ ನೀನ ತೊಳಿ."