ಮುಚ್ಚದೆ ಬಿಟ್ಟ ಬಿಲ್ಲೆ

ಫೋನ್ ತಾಗಿಸಿ ಓದುವ ಒಂದು ಬಿಲ್ಲೆಗೆ ಅರ್ಧ ಲೋಟ ಚಹಾದ ಬೆಲೆ. ಅದರೊಳಗೆ ಬರೆಯುವ ಆ್ಯಪ್ ಪುಕ್ಕಟೆ. ಬರೆದು, ಗಿರಾಕಿಯ ಮೇಜಿಗೆ ಅಂಟಿಸಿಕೊಟ್ಟರೆ ಒಂದು ಒಳ್ಳೆಯ ಊಟದಷ್ಟು ಸಿಗುತ್ತದೆ. ಅಳಿಯ ಈ ಲೆಕ್ಕವನ್ನೆಲ್ಲ ಒಪ್ಪಿಸಿ ಮುಗಿಸಿದಾಗ ಅತ್ತೆ ಕೇಳಿದ್ದು ಒಂದೇ ಮಾತು.

"ಎಲ್ಲಿ ಕೂತು ಬರೀತೀರಿ?"

"ಹಿಂದಿನ ಕೋಣೇಲಿ. ಆ ಮೇಜು ಸುಮ್ನೆ ಬಿದ್ದಿದೆಯಲ್ಲ."

ಹಿತ್ತಾಳೆ ಉಜ್ಜುತ್ತಿದ್ದ ಅತ್ತೆಯ ಕೈಯ ಅರ ನಿಂತಿತು. "ಅದರ ಮೇಲೆ ಬೇಡ ಅಳಿಯಂದ್ರೇ. ಬರೆದೇ ತೀರಬೇಕು ಅಂದ್ರೆ, ಬರೆದದ್ದನ್ನ ಮುಚ್ಚಿ ಕಳಿಸಿ."

ಅದು ರಬ್ಬರ್ ಮೊಹರು, ಹಿತ್ತಾಳೆಯ ನಾಮಫಲಕ ಮಾಡುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಕಿಟಕಿಯಿಲ್ಲದ ಕೋಣೆ, ಮೇಲೆ ಮನೆ. ಮಾವ ತೀರಿಕೊಂಡ ಮೇಲೆ ಅಳಿಯ ಇಲ್ಲಿಗೆ ಬಂದು ಸೇರಿದ್ದ. ಇಲ್ಲಿಂದ ಹೊರಡುವ ಪ್ರತಿ ಫಲಕದ ಬೆನ್ನಿಗೂ ಉಳಿಯಿಂದ ಒಂದು ಅಡ್ಡಗೆರೆ ಎಳೆಯುವುದು ಮನೆಯ ಪದ್ಧತಿ. ಅದಕ್ಕೆ ಮುಚ್ಚುವುದು ಎನ್ನುತ್ತಿದ್ದರು. ಅಳಿಯನ ಹೆಂಡತಿ ತುಂಬು ಬಸುರಿ. ಅವಳೂ ಮಾತಾಡುತ್ತಲೇ, ನೋಡದೆಯೇ, ಸರ್ರನೆ ಆ ಗೆರೆ ಎಳೆದುಬಿಡುತ್ತಿದ್ದಳು.

"ಯಾಕೆ ಮುಚ್ಚಬೇಕು?" ಎಂದ ಅಳಿಯ. ಅವನ ತುಟಿಯಂಚಿನಲ್ಲಿ ನಗು ಆಗಲೇ ತಯಾರಾಗಿತ್ತು.

"ನಮ್ಮ ಮಾವ, ಅಂದ್ರೆ ನಿಮ್ಮ ಮಾವನ ಅಪ್ಪ, ಆ ಮೇಜಿನ ಮೇಲೆ ಸೀಸದ ತಗಡು ಬರೀತಿದ್ರು. ಆಗದವರ ಹೆಸರು ಬರೆಸ್ಕೊಂಡು ಹೋಗಿ ಅವರ ಹೊಸ್ತಿಲ ಕೆಳಗೆ ಹೂಳೋಕೆ ಜನ ಬರೋರು. ಮುಚ್ಚದೆ ಬಿಟ್ಟ ತಗಡು ಬರೆದವನ ಮೇಲೇ ಬರೆಯೋಕೆ ಶುರು ಮಾಡುತ್ತೆ ಅಂತಿದ್ರು."

"ಯಾರು ಬರೆಯೋದು?"

"ಅದನ್ನ ನಾನು ಕೇಳಲಿಲ್ಲ. ಕೇಳೋ ಧೈರ್ಯ ಬರಲಿಲ್ಲ."

"ನಿಮ್ಮ ಮಾವನ ಹತ್ರ ಫೋನ್ ಇತ್ತಾ ಅತ್ತೆ?"

ಅತ್ತೆ ಮತ್ತೆ ಅರ ಹಿಡಿದಳು. ತಾನು ಗೆದ್ದೆ ಎಂದುಕೊಂಡ ಅಳಿಯ.

ಅವನ ಬಿಲ್ಲೆ ದೊಡ್ಡ ನಾಣ್ಯದಷ್ಟಿರುವ ಸ್ಟಿಕ್ಕರ್. ಒಳಗೆ ಕೂದಲೆಳೆಯಂಥ ತಂತಿಯ ಸುರುಳಿ, ಸಾಸಿವೆಗಿಂತ ಸಣ್ಣ ಚಿಪ್. ಬ್ಯಾಟರಿ ಇಲ್ಲ. ಫೋನ್ ಹತ್ತಿರ ಬಂದರೆ ಎಚ್ಚರಾಗುತ್ತದೆ, ದೂರ ಹೋದರೆ ಸತ್ತ ಹಾಗೆ ಬಿದ್ದಿರುತ್ತದೆ. ಊಟದ ಮನೆಯ ಮೇಜಿಗೆ ಅಂಟಿಸಿದರೆ ತಿಂಡಿಗಳ ಪಟ್ಟಿ ತೆರೆಯುತ್ತದೆ. ಹಲ್ಲಿನ ವೈದ್ಯರ ಬಾಗಿಲಿಗೆ ಅಂಟಿಸಿದರೆ ಬಂದವರ ಫೋನು ತಾನಾಗಿ ಸುಮ್ಮನಾಗುತ್ತದೆ. ಹಾಸಿಗೆಯ ಪಕ್ಕ ಅಂಟಿಸಿದರೆ ದೀಪ ಆರುತ್ತದೆ. ಉಪಯೋಗದ ವಸ್ತುವೇ, ಅದರಲ್ಲಿ ಸುಳ್ಳಿಲ್ಲ.

ಬಿಲ್ಲೆಗೂ ಒಂದು ಬೀಗ ಉಂಟು. ಬರೆದಾದ ಮೇಲೆ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಮತ್ತೆ ಯಾರೂ ಅದರ ಮೇಲೆ ಬರೆಯಲಾರರು, ಬರೆದವನೂ ಸೇರಿ. ಒತ್ತದಿದ್ದರೆ ದಾರಿಹೋಕನೂ ತನ್ನ ಫೋನ್ ತಾಗಿಸಿ ತಿಂಡಿಪಟ್ಟಿಯ ಜಾಗದಲ್ಲಿ ಕಳ್ಳ ಪುಟ ಕೂರಿಸಬಹುದು, ಗಿರಾಕಿ ಕೊಟ್ಟ ದುಡ್ಡನ್ನು ತನ್ನ ಜೇಬಿಗೆ ತಿರುಗಿಸಬಹುದು. ಅಳಿಯನಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೂ ಒತ್ತುತ್ತಿರಲಿಲ್ಲ. ಪಟ್ಟಿ ಬದಲಾದಾಗ ಹಳೆಯ ಬಿಲ್ಲೆಯ ಮೇಲೇ ಬರೆದು, ಹೊಸದರ ಬೆಲೆ ವಸೂಲಿ ಮಾಡಬಹುದಲ್ಲ.

"ಯಾರಾದ್ರೂ ಅಳಿಸಿ ಬರೆದ್ರೆ?" ಎಂದು ಹೆಂಡತಿ ಕೇಳಿದ್ದಳು.

"ಈ ಬೀದಿಯವರಾ? ಬಾಗಿಲ ಮೇಲೆ 'ತಳ್ಳಿ' ಅಂತ ಬರೆದಿದ್ರೆ ಎಳೆಯೋ ಜನ ಇವರು."

ಅವನು ಹಿಂದಿನ ಕೋಣೆಯಲ್ಲೇ ಕೂತ. ಹೊರಗೆ ಮಧ್ಯಾಹ್ನದ ಬಿಸಿಲು ಸುಡುತ್ತಿದ್ದರೂ ಆ ಕೋಣೆಯಲ್ಲಿ ಬಾವಿಯೊಳಗಿನ ಕತ್ತಲು. ಹಿತ್ತಾಳೆ ಪುಡಿಯ ಹುಳಿ ವಾಸನೆ, ಅದರಡಿಯಲ್ಲಿ ಕರಗಿಸಿದ ಸೀಸದ ಹಳೆಯ ಕಮಟು. ಮೇಜಿನ ಮೇಲೆ ಹೊದಿಸಿದ್ದ ಸೀಸದ ಹಾಳೆ ಎಷ್ಟು ಹೊತ್ತು ಕೈಯಿಟ್ಟರೂ ಬಿಸಿಯಾಗುತ್ತಿರಲಿಲ್ಲ. ಅವನು ಬಿಲ್ಲೆಗಳನ್ನು ಸಾಲಾಗಿ ಹರಡಿ, ಒಂದೊಂದಕ್ಕೂ ಫೋನ್ ತಾಗಿಸುತ್ತ, ಗಿರಾಕಿಗಳನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತ ಹೋದ. ಬೈಗುಳವಿಲ್ಲದೆ ಅವನಿಗೆ ಕೆಲಸ ಸಾಗುತ್ತಿರಲಿಲ್ಲ. ಮೇಜಿನ ಕೆಳಗೆ ಏನೋ ಕೆರೆಯುವ ಸದ್ದು. ಕರ್. ಕರ್. ಇಲಿ ಎಂದುಕೊಂಡ. ಇಲಿ ಅಕ್ಷರದಷ್ಟೇ ಉದ್ದಕ್ಕೆ ಕೆರೆದು, ಬಿಟ್ಟು, ಮತ್ತೆ ಕೆರೆಯುತ್ತದೆಯೇ ಎಂದು ಅವನಿಗೆ ಅನ್ನಿಸಲಿಲ್ಲ.

ಮೊದಲು ಬಂದದ್ದು ಊಟದ ಮನೆಯ ಯಜಮಾನ. ಸೊಂಟದ ಟವೆಲ್ ಬಿಚ್ಚದೆ, ಒಲೆಯ ಮುಂದಿನಿಂದ ಹಾಗೇ ಎದ್ದು ಬಂದಿದ್ದ.

"ಏನು ಸ್ವಾಮಿ ಅಂಟಿಸಿದ್ದೀರಿ ನನ್ನ ಮೇಜಿಗೆ? ಗಿರಾಕಿಗಳು ಓದಿ ಓದಿ ನಗ್ತಿದ್ದಾರೆ."

ಫೋನಿನ ಬಿಳಿ ಪುಟದಲ್ಲಿ ತಿಂಡಿಪಟ್ಟಿ ಇರಲಿಲ್ಲ. ಒಂದೇ ಸಾಲಿತ್ತು: ಈ ಯಜಮಾನನ ತಲೆಯಲ್ಲಿರುವುದು ಬಾಣಲೆಯಲ್ಲಿ ಉಳಿದ ಎಣ್ಣೆ, ಅದೂ ನಿನ್ನೆಯದು.

ಅಳಿಯ ಆ ಸಾಲನ್ನು ಎರಡು ಸಲ ಓದಿದ. ಆ ಬಿಲ್ಲೆ ಬರೆಯುವಾಗ ಅವನು ಅಂದುಕೊಂಡದ್ದು ಅದೇ ಮಾತು, ಅಕ್ಷರ ಬಿಡದೆ.

"ಯಾರೋ ಕಿಡಿಗೇಡಿ ಅಳಿಸಿ ಬರೆದಿದ್ದಾನೆ," ಎಂದ. "ಸರಿ ಮಾಡಿಕೊಡ್ತೀನಿ."

"ಕಿಡಿಗೇಡಿ ಯಾರೇ ಇರಲಿ, ನನ್ನ ಎಣ್ಣೆ ನಿನ್ನೇದು ಅಂತ ಅವನಿಗೆ ಹೇಗೆ ಗೊತ್ತು?"

ಹೋಗಿ ಅಳಿಸಿದ. ಹೊಸದಾಗಿ ಬರೆದ. ಅಂಗಡಿಗೆ ಮರಳುವಷ್ಟರಲ್ಲಿ ಹಲ್ಲಿನ ವೈದ್ಯರ ಫೋನು ಬಂತು. ಅವರ ಬಾಗಿಲಲ್ಲಿ 'ಇವನು ಹಲ್ಲು ಕೀಳುವುದಕ್ಕಿಂತ ಜೇಬು ಕೀಳುವುದರಲ್ಲಿ ಪಳಗಿದವನು' ಎಂಬ ಸಾಲು ಕೂತಿತ್ತು. ವೈದ್ಯರು ಬೈಯಲಿಲ್ಲ. "ನಿಮ್ಮ ಬಿಲ್ಲೆ ನೀವೇ ಬಂದು ಕಿತ್ಕೊಂಡು ಹೋಗಿ" ಎಂದಷ್ಟೇ ಹೇಳಿ ಇಟ್ಟರು.

ಮನೆಗೆ ಬಂದರೆ ಹೆಂಡತಿ ಮಂಚದ ತುದಿಯಲ್ಲಿ ಹೊಟ್ಟೆಗೆ ಕೈಯಾನಿಸಿ ಕೂತಿದ್ದಳು. ದೀಪ ಆರಿಸುವ ಬಿಲ್ಲೆಗೆ ಆಗತಾನೇ ಫೋನ್ ತಾಗಿಸಿದ್ದಳು. ದೀಪ ಉರಿಯುತ್ತಲೇ ಇತ್ತು.

"ರೀ, ಇದು ನೀವು ಬರೆದದ್ದಾ?"

ಅವಳು ತೋರಿಸಿದ ಪುಟದಲ್ಲಿತ್ತು: ಅಂಗಡಿಯ ಜೊತೆಗೆ ಬಂದಳೆಂದು ಕಟ್ಟಿಕೊಂಡೆ.

"ಇಲ್ಲ. ಆಣೆಗೂ ಇಲ್ಲ."

"ಬರೆದಿಲ್ಲ, ಸರಿ. ಅಂದ್ಕೊಂಡಿದ್ರಾ?"

ಅವನು ಅವಳ ಕೈ ಹಿಡಿಯಲು ಹೋದ. ಅವಳ ಕೈಯಲ್ಲಿದ್ದ ಫೋನು ಗುರ್ ಎಂದಿತು. ಇಬ್ಬರೂ ಬೆಚ್ಚಿ ನೋಡಿದರು. ಅವನ ಅಂಗೈಯಲ್ಲಿ, ಹೆಬ್ಬೆರಳ ಬುಡದಲ್ಲಿ, ಚರ್ಮದಡಿ ಒಂದು ಬೂದುಬಣ್ಣದ ವೃತ್ತ. ಮುಟ್ಟಿದರೆ ಸೀಸದಷ್ಟು ತಣ್ಣಗೆ. ಫೋನಿನ ಮೇಲೆ ಎರಡೇ ಪದ: ಮುಚ್ಚಿಲ್ಲ. ಬರೆಯಬಹುದು.

"ಅಮ್ಮಾ," ಎಂದು ಅವಳು ಕೆಳಗೆ ಕೂಗಿದಳು.

ಅತ್ತೆ ಮೇಲೆ ಬರುವ ಮೊದಲೇ ಅವನು ಮೆಟ್ಟಿಲಿಳಿದು ಬೀದಿಗೆ ಬಿದ್ದಿದ್ದ. ಚರ್ಮದ ವೈದ್ಯರಿದ್ದಾರೆ, ಕತ್ತರಿಸಿ ತೆಗೆಸಿದರಾಯಿತು, ಹೆಂಗಸರ ಗೊಣಗಾಟ ಕೇಳುತ್ತ ಕೂರುವುದೇನು ಎಂದುಕೊಂಡು ತುಂಬಿದ ಬಸ್ಸು ಹತ್ತಿದ. ಕಂಬಿ ಹಿಡಿದ. ಪಕ್ಕದವನ ಅಂಗಿಯ ಜೇಬು ಅವನ ಕೈಗೆ ಒರಗಿತು. ಜೇಬಿನೊಳಗೆ ಗುರ್.

ಅಳಿಯನ ನೆನಪಿನಲ್ಲಿದ್ದ ತಂದೆಯ ಮುಖ ಅಳಿಸಿಹೋಯಿತು.

ಬಳಪ ಒರೆಸಿದಷ್ಟು ಸಲೀಸಾಗಿ. ಆ ಜಾಗದಲ್ಲಿ ಯಾರದೋ ಮನೆಯ ಗ್ಯಾಸ್ ಸಿಲಿಂಡರಿನ ನಂಬರು ಕೂತಿತು. ಬಸ್ಸು ಕುಲುಕಿತು. ಹಿಂದಿನಿಂದ ಒಂದು ಫೋನು. ಗುರ್. ಓದಿದ ಶಾಲೆ ಹೋಯಿತು. ಯಾರೋ ಹೆಂಗಸಿನ ಸಕ್ಕರೆ ಕಾಯಿಲೆಯ ಮಾತ್ರೆಗಳ ಹೆಸರು ಬಂತು. ಮತ್ತೊಂದು. ಮತ್ತೊಂದು. ಕೈಯನ್ನು ಕಂಕುಳಿಗೆ ತುರುಕಿದ. ಉಪಯೋಗವಿಲ್ಲ. ಬೆವರಿನ ವಾಸನೆಯ ನಡುವೆ ಸೀಸದ ಕಮಟು. ಎಂಜಿನ್ನಿನ ಸದ್ದಿನಡಿಯಲ್ಲಿ, ಕಿವಿಯೊಳಗೇ, ಕರ್, ಕರ್.

ಇಳಿದ. ಓಡಿದ. ಎಲ್ಲಿಗೆ? ಬೀದಿಯ ತುಂಬ ಫೋನುಗಳು. ಪ್ರತಿ ಜೇಬಿನಲ್ಲೂ ಒಂದು. ಬಾಗಿಲ ಮೇಲೆ 'ತಳ್ಳಿ' ಎಂದಿದ್ದರೆ ಎಳೆಯುವ ಜನ, ಅವನನ್ನು ನೋಡದೆಯೇ, ತಮಗೆ ಗೊತ್ತಿಲ್ಲದೆಯೇ ಅವನನ್ನು ಅಳಿಸಿ ಬರೆಯುತ್ತಿದ್ದರು. ಮನೆಯ ದಾರಿಯೂ ಅಳಿಸಿಹೋಗಿತ್ತು. ಹಿತ್ತಾಳೆ ಪುಡಿಯ ಹುಳಿ ವಾಸನೆ ಹಿಡಿದು, ಗೋಡೆ ಸವರುತ್ತ, ನಾಯಿಯಂತೆ ಮೂಸುತ್ತ ಅಂಗಡಿ ಸೇರಿದ.

ಅತ್ತೆ ಬಾಗಿಲು ಮುಚ್ಚಿ ಅವನನ್ನು ಹಿಂದಿನ ಕೋಣೆಗೆ ಎಳೆದೊಯ್ದಳು. ಉಳಿ ಹಿಡಿದು ಅವನ ಅಂಗೈಯ ವೃತ್ತದ ಮೇಲೆ ಅಡ್ಡಗೆರೆ ಎಳೆದಳು. ರಕ್ತ ಬರಲಿಲ್ಲ. ಗೆರೆ ನೀರಿನ ಮೇಲೆ ಎಳೆದಂತೆ ಕೂಡಿಕೊಂಡಿತು. ಮೇಜಿನ ಕೆಳಗಿನ ಸದ್ದು ಚುರುಕಾಯಿತು.

"ಇದು ಉಳಿಗೆ ಬಗ್ಗೋದಲ್ಲ," ಎಂದಳು ಅತ್ತೆ. ಉಳಿ ಕೆಳಗಿಟ್ಟಳು. "ನಿಮ್ಮದಕ್ಕೂ ಬೀಗ ಇದೆ ಅಂತಿದ್ರಲ್ಲ?"

ಹೆಂಡತಿ ಗೋಡೆ ಹಿಡಿದು ಬಂದಳು. ಒಂದು ಕೈ ಸೊಂಟದ ಮೇಲೆ. ಹಣೆಯಲ್ಲಿ ಬೆವರು. ನೋವು ಶುರುವಾಗಿತ್ತು, ದಿನ ತುಂಬಲು ಇನ್ನೂ ತಿಂಗಳಿರುವಾಗಲೇ. ಅವಳು ಫೋನ್ ತೆಗೆದಳು. ಬೀಗದ ಗುಂಡಿಯ ಕೆಳಗೆ ಬರೆದಿತ್ತು: ಮುಚ್ಚಿದ ಮೇಲೆ ಹೊಸದೇನನ್ನೂ ಬರೆಯಲಾಗದು, ಮತ್ತೆ ತೆರೆಯಲಾಗದು.

ಮೊದಲು ಅರ್ಥವಾದದ್ದು ಅವನಿಗೇ. ಈಗ ಮುಚ್ಚಿದರೆ ಇರುವಷ್ಟು ಉಳಿಯುತ್ತದೆ. ಇನ್ನು ಮುಂದೆ ನೋಡಿದ್ದು, ಕೇಳಿದ್ದು ಯಾವುದೂ ಒಳಗೆ ನಿಲ್ಲುವುದಿಲ್ಲ.

"ತಡಿ," ಎಂದ. ಆ ಮನೆಯಲ್ಲಿ ಅವನು ಬೇಡಿಕೊಂಡದ್ದು ಅದೇ ಮೊದಲು. "ಮಗು ಮುಖ ನೋಡ್ತೀನಿ. ಒಂದು ಸಲ. ಆಮೇಲೆ ಮುಚ್ಚು."

"ಆಗಲಿ. ತಡ್ಕೊಳ್ಳಿ. ಫೋನೆಲ್ಲ ದೂರ ಇಡ್ತೀವಿ," ಎಂದಳು ಹೆಂಡತಿ.

ಕರ್. ಕರ್. ಫೋನು ದೂರವಿದ್ದರೂ ಅದು ನಿಲ್ಲಲಿಲ್ಲ. ಕತ್ತಲಲ್ಲಿ ಯಾರೋ ಬಗ್ಗಿ ಕೂತು, ಅವಸರವಿಲ್ಲದೆ, ಸಾಲಿನ ಮೇಲೆ ಸಾಲು ಕೆತ್ತುತ್ತಿದ್ದರು. ಅವನು ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಕಣ್ಣು ಕೀಳದೆ. ರೆಪ್ಪೆ ಮಿಟುಕಿಸದೆ. ಸದ್ದು ಒಂದು ಸಲ ಉದ್ದಕ್ಕೆ ಎಳೆದು ನಿಂತಿತು.

"ನಿನ್ನ ಹೆಸರು," ಎಂದ. "ನಿನ್ನ ಹೆಸರು ಬಾಯಿಗೆ ಬರ್ತಿಲ್ಲ."

ಅವಳು ಕಾಯಲಿಲ್ಲ. ಫೋನ್ ಎತ್ತಿಕೊಂಡಳು. ಬಿಲ್ಲೆಗಳಲ್ಲೆಲ್ಲ ಅಗ್ಗದ್ದನ್ನೇ, ಅಂದರೆ ಒಂದೆರಡು ಸಾಲಿಗೆ ತುಂಬಿಹೋಗುವುದನ್ನೇ ಅವನು ಯಾವಾಗಲೂ ತರುತ್ತಿದ್ದುದು. ಅಂಗೈಯಲ್ಲಿದ್ದದ್ದೂ ಅಂಥದ್ದೇ. ಒಂದು ಪದದಷ್ಟೇ ಜಾಗ ಖಾಲಿ ಇತ್ತು. ಏನು ಬೇಕಾದರೂ ಬರೆಯಬಹುದಿತ್ತು ಅವಳು. ಪ್ರೀತಿ ಎಂದು ಬರೆಯಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ, ಅವನಂತೂ ಜೀವಮಾನವಿಡೀ ನಂಬುತ್ತಿದ್ದ. ಅವಳು ತನ್ನ ಹೆಸರು ಬರೆದಳು. ನೋವು ಸೊಂಟದಿಂದ ಸುತ್ತಿ ಬಂತು. ಹಲ್ಲು ಕಚ್ಚಿ, ಅವನ ಅಂಗೈಗೆ ಫೋನ್ ಒತ್ತಿ, ಬೀಗದ ಗುಂಡಿ ಮುಟ್ಟಿದಳು.

ಮೇಜಿನ ಕೆಳಗಿನ ಸದ್ದು ನಿಂತಿತು.

ಅವನು ಅವಳನ್ನು ಹೆಸರು ಹಿಡಿದು ಕರೆದ. "ಯಾಕೆ ಹಿಂಗೆ ಬೆವತಿದ್ದೀಯ? ಇನ್ನೂ ತಿಂಗಳಿದೆಯಲ್ಲ."

ಆ ಸಂಜೆಯೇ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಲ್ಲಿ ಅವನ ಕೈಗೆ ಕೊಟ್ಟರು. ನೋಡಿದ, ಮೂಸಿದ, ನಕ್ಕ. ಅದರ ಬೆರಳು ಬಿಡಿಸಿ ತನ್ನ ಬೆರಳು ಹಿಡಿಸಿದ. ಕಣ್ಣಲ್ಲಿ ನೀರು ಬಂತು. ನರ್ಸ್ ಮಗುವನ್ನು ತೂಕಕ್ಕೆ ಒಯ್ದು ತಂದಳು. ಅವನು ಸರಿದು ದಾರಿ ಬಿಟ್ಟು, "ಯಾರ ಮಗು? ಮುದ್ದಾಗಿದೆ" ಎಂದ.

ಅಂಟಿಸಿದ ಬಿಲ್ಲೆಗಳನ್ನೆಲ್ಲ ಹೆಂಡತಿ ಕಿತ್ತು ತಂದು ಬೆಂಕಿಗೆ ಹಾಕಿದಳು. ಹಿಂದಿನ ಕೋಣೆಗೆ ಇಟ್ಟಿಗೆ ಕಟ್ಟಿಸಿದರು. ಅಂಗಡಿ ನಡೆಯುತ್ತಿದೆ. ಮೊಹರು ಕೊರೆಯುವ ಕೆಲಸ ಅವನಿಗೆ ಮರೆತಿಲ್ಲ. ಗಿರಾಕಿಗಳನ್ನು ಕಂಡರೆ ಅದೇ ತಾತ್ಸಾರ, ಬಾಯಲ್ಲಿ 'ತಳ್ಳಿ' ಎಂದರೆ ಎಳೆಯುವವರ ಅದೇ ಹಳೆಯ ಜೋಕು. ಊಟದ ಮನೆಯ ಯಜಮಾನ ಈಗ ಅದನ್ನು ಕೇಳಲೆಂದೇ ಬಂದು, ಕೇಳಿ, ಪಾಪ ಎಂದು ಒಂದು ಪೊಟ್ಟಣ ತಿಂಡಿ ಇಟ್ಟು ಹೋಗುತ್ತಾನೆ.

ಮಗಳಿಗೆ ಈಗ ಮಾತು ಬಂದಿದೆ. ಬೆಳಿಗ್ಗೆ ಅಂಗಡಿಗೆ ಇಳಿದು ಬಂದು ಅವನ ಎದುರಿನ ಸ್ಟೂಲು ಹತ್ತಿ ಕೂರುತ್ತಾಳೆ.

"ಯಾರಮ್ಮಾ ನೀನು?"

"ಗಿರಾಕಿ," ಅನ್ನುತ್ತಾಳೆ ಅವಳು. ಅಜ್ಜಿ ಕಲಿಸಿದ್ದಲ್ಲ, ಅವಳೇ ಕಂಡುಕೊಂಡದ್ದು. "ನನ್ನ ಹೆಸರಿನ ಮೊಹರು ಮಾಡಿಕೊಡಿ."

ಅವನು ಹೆಸರು ಕೇಳಿ, ಬರೆದುಕೊಂಡು, ನಾಳೆ ಬಾ ಎನ್ನುತ್ತಾನೆ. ನಾಳೆ ಮತ್ತೆ ಹೆಸರು ಕೇಳುತ್ತಾನೆ. ಒಳಗೆ ಪೆಟ್ಟಿಗೆಯ ತುಂಬ ಅವಳ ಹೆಸರಿನ ಮೊಹರುಗಳಿವೆ. ಮಧ್ಯಾಹ್ನವಾದರೆ ಹೆಂಡತಿಯ ಚಪ್ಪಟೆ ಹೊಟ್ಟೆಯ ಕಡೆ ನೋಡಿ, ಇನ್ನೂ ತಿಂಗಳಿದೆ, ಹುಷಾರಾಗಿರು ಎಂದು ಹೇಳುತ್ತಾನೆ. ಅವಳು ಆಗಲಿ ಎನ್ನುತ್ತಾಳೆ.

ಉಳಿದದ್ದು ಕಸುಬು, ಅಂಗಡಿ, ಹೆಂಡತಿಯ ಹೆಸರು. ಹೋದದ್ದು ಮಗಳು.