ಅಂಗಳದ ನಳ

"ನನ್ನ ಮಗ ಇದನ್ನ ಬರದಿಲ್ರಿ. ಬರದಿದ್ರ ಅಂವ ನನ್ನ ಮಗಾನ ಅಲ್ಲ!"

೧೯೫೧ರ ಫೆಬ್ರುವರಿಯ ಒಂದು ಬೆಳಿಗ್ಗೆ ಕುರುಗೋಡಿನ ಮೊದಲ ಬಸ್ಸಿಗೆ ಬಂದಿಳಿದ ದೊಡ್ಡಬಸಮ್ಮ, ಲಕೋಟೆಯೊಂದನ್ನು ಉಚ್ಚೆಂಗೆಪ್ಪನವರ ಮೇಜಿನ ಮೇಲೆ ಕುಕ್ಕಿದರು. ಕೋರ್ಟಿನ ಶಿರಸ್ತೇದಾರರಾಗಿ ನಿವೃತ್ತರಾದ ಮೇಲೆ ಉಚ್ಚೆಂಗೆಪ್ಪನವರು ಬಳ್ಳಾರಿಯ ಕೌಲ್ ಬಜಾರಿನ ಮನೆಯಲ್ಲೇ ಕೂತು ಜನರ ಗಂಟು ಬಿಡಿಸುತ್ತಿದ್ದರು. ಅವರ ಜೊತೆಗಿದ್ದ ಜಡೆಪ್ಪನೆಂಬ ನಾನು ಸಂಜೆ ಪುರಾಣ ಕೇಳುವುದು, ಹಗಲು ಅವರು ಹೇಳಿದ್ದನ್ನು ಬರೆದಿಡುವುದು, ಇಷ್ಟೇ ಬಲ್ಲವನು.

ದೊಡ್ಡಬಸಮ್ಮನ ಮಗ ಹಂಪಯ್ಯ ಹಿಂದಿನ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿವೇತನ ಗೆದ್ದು ಇಂಗ್ಲೆಂಡಿಗೆ ಓದಲು ಹೋಗಿದ್ದ. ಸಿರುಗುಪ್ಪದ ಸುಂಕಮ್ಮನೊಂದಿಗೆ ಅವನ ಮದುವೆ ನಿಶ್ಚಯವಾಗಿತ್ತು. ಈ ಕಾಗದ ಬಂದದ್ದು ಸುಂಕಮ್ಮನ ಅಣ್ಣ ಕೊಟ್ಟೂರಪ್ಪನ ಹೆಸರಿಗೆ. ಲಕೋಟೆ, ಅಂಚೆಚೀಟಿ, ಮುದ್ರೆ ಎಲ್ಲವೂ ಇಂಗ್ಲೆಂಡಿನವೇ. ನಾನು ಗಟ್ಟಿಯಾಗಿ ಓದಿದೆ.

"ಜನವರಿ ಹತ್ತು. ಇಲ್ಲಿ ನನಗೆಲ್ಲ ಹೊಂದಿಕೆಯಾಗಿದೆ. ದಿನವೂ ಆರಕ್ಕೆ ಅಂಗಳದ ನಳದಲ್ಲಿ ಸ್ನಾನ ಮಾಡಿ, ಸೂರ್ಯ ಮೂಡುವಷ್ಟರಲ್ಲಿ ಲಿಂಗಪೂಜೆ ಮುಗಿಸುತ್ತೇನೆ. ಇನ್ನು ಊರಿಗೆ ಬರುವುದಿಲ್ಲ. ಸುಂಕಮ್ಮನಿಗೆ ಬೇರೆ ಗಂಡು ನೋಡಿರಿ."

"ಆಗ್ಲೇ ನೋಡ್ಯಾರ್ರಿ! ಮೋಕಾ ಊರಿನಾಂವ, ಅವಗ ಎರಡನೇ ಸಂಬಂಧ. ಎಂಟು ದಿನಕ್ಕ ಲಗ್ನ."

"ಇದು ನಿಮ್ಮ ಕೈಗೆ ಹೆಂಗ ಬಂತು?"

"ಕೊಟ್ಟೂರಪ್ಪ ಕೊಟ್ಟು ಕಳಿಸಿದ್ದ, ಎರ್ರಣ್ಣ ತಂದ. ಹಂಪಯ್ಯನ ಗೆಳೆಯ, ಸಿರುಗುಪ್ಪದಾಗ ಇರ್ತಾನ. ನನಗ ಓದಾಕ ಬರಂಗಿಲ್ಲ, ಎಲ್ಲಾ ಕಾಗದ ಅವನೇ ಬಂದು ಓದ್ತಾನ. ವೇತನದ ಪರೀಕ್ಷಿಯೊಳಗ ಎರಡನೇ ನಂಬರ್ ಬಂದಿದ್ದ. ಹೊಟ್ಟಿಕಿಚ್ಚಿಗೆ ಅವನೇ ಮಾಡ್ಯಾನಂತಾರ ಮಂದಿ."

"ಅಕ್ಷರ ನೋಡಿ ನಿಮ್ಮ ಮಗಂದಲ್ಲಂತ ಯಾರೂ ಅನ್ನಲಿಲ್ಲೇನು?"

"ಹಂಪಯ್ಯ, ಎರ್ರಣ್ಣ, ಕೊಟ್ಟೂರಪ್ಪ ಮೂರೂ ಮಂದಿ ಒಬ್ಬ ಮಾಸ್ತರನ ಕೈಯಾಗ ಏಟು ತಿಂದು ಕಲ್ತವ್ರು. ಎಲ್ಲಾರ್ದೂ ಒಂದೇ ಅಕ್ಷರಾರಿ."

ಉಚ್ಚೆಂಗೆಪ್ಪನವರು ಹಳೆಯ ಕಾಗದಗಳನ್ನು ಕೇಳಿದರು. ಆಕೆ ಸೆರಗಿನ ಗಂಟು ಬಿಚ್ಚಿ ಕೊಟ್ಟರೂ ಒಂದು ಹಾಳೆಯನ್ನು ಅಂಗೈ ಕೆಳಗೆ ಒತ್ತಿ ಹಿಡಿದಿದ್ದರು. ಉಚ್ಚೆಂಗೆಪ್ಪನವರು ಅದಕ್ಕೂ ಕೈ ಚಾಚಿದರು. ಡಿಸೆಂಬರಿನ ಕಾಗದ ಅದು. "ಎಂಟು ಹೊಡೆದರೂ ಬೆಳಕಿಲ್ಲ, ನಳದ ನೀರು ಕಲ್ಲಾಗಿದೆ" ಎಂಬ ಮೊದಲ ಸಾಲಷ್ಟೇ ನನ್ನ ಕಣ್ಣಿಗೆ ಬಿತ್ತು. ಉಳಿದದ್ದನ್ನು ಅವರೇ ಓದಿಕೊಂಡು ಮಡಿಚಿದರು.

"ಇದು ಯಾರ್ಯಾರಿಗೆ ಗೊತ್ತು?"

"ಓದಿದ ಎರ್ರಣ್ಣಗ, ನನಗ. ಬೀಗರ ಮುಂದ ಬಾಯಿ ಬಿಡಬ್ಯಾಡಂತ ಅವನ ಕಡಿಂದ ಆಣಿ ಮಾಡಿಸೀನಿ."

ಎರಡು ದಿನದ ಮೇಲೆ ದೊಡ್ಡಬಸಮ್ಮ, ಕೊಟ್ಟೂರಪ್ಪ, ಎರ್ರಣ್ಣ ಎಲ್ಲರೂ ಉಚ್ಚೆಂಗೆಪ್ಪನವರ ಪಡಸಾಲೆಯಲ್ಲಿ ಸೇರಿದರು. ಸುಂಕಮ್ಮ ಕಂಬಕ್ಕೆ ಆನಿಕೊಂಡು ನಿಂತಿದ್ದಳು.

"ಕಾಗದ ಅಸಲೀನೇ," ಎಂದ ಕೊಟ್ಟೂರಪ್ಪ. "ಸುಳ್ಳಾಗಿದ್ರ ಈ ಎರ್ರಣ್ಣನ್ನ ಕೇಳ್ರಿ. ಅಂಚೆಯಂವನ ಕಡಿಂದ ಇಸ್ಕೊಂಡು ನನಗ ಕೊಟ್ಟಾಂವ ಇವನೇ. ಕೊಡೂವಾಗ್ಲೇ ಲಕೋಟಿ ಒಡೆದಿತ್ತು."

"ಲೇ ಕೊಟ್ಟೂರಾ, ಅಂಟು ಬಿಚ್ಚದ ಹಂಗೇ ಕೊಟ್ಟೀನಿ! ನಾಲಿಗಿಗೆ ಹುಳಾ ಬೀಳ್ತಾವ!"

"ಕೂಡ್ರಿ," ಎಂದರು ಉಚ್ಚೆಂಗೆಪ್ಪನವರು. "ಲಕೋಟೆ ಖರೇ, ಒಳಗಿನ ಹಾಳಿ ಸುಳ್ಳು. ಆ ಊರಾಗ ಚಳಿಗಾಲಕ್ಕ ಎಂಟರ ತನಕ ಕತ್ತಲಿ, ನಳದಾಗ ನೀರು ಕಲ್ಲು. ಆರಕ್ಕ ಅಂಗಳದಾಗ ಜಳಕ ಯಾರಿಂದ ಆಗ್ತೈತಿ? ಹಾಳಿ ಬದಲಿಸಾಕ ಇಬ್ಬರಿಗೇ ಅವಕಾಶ ಇತ್ತು, ಎರ್ರಣ್ಣಗ, ಕೊಟ್ಟೂರಪ್ಪಗ. ಇದನ್ನೆಲ್ಲಾ ಹಂಪಯ್ಯ ಬರೆದ ಡಿಸೆಂಬರಿನ ಕಾಗದ ಎರ್ರಣ್ಣ ತಾನೇ ಓದ್ಯಾನ. ನೀರು ಕಲ್ಲಾಗೈತಿ ಅಂತ ಗೊತ್ತಿದ್ದಾಂವ ಗೆಳೆಯನ್ನ ಅದೇ ನಳದ ಬುಡಕ್ಕ ಕೂಡಿಸ್ತಿದ್ನೇನು?"

"ಹಂತಾ ಕಾಗದ ಬಂದಿದ್ರ ನಮಗ್ಯಾಕ ಹೇಳ್ಲಿಲ್ಲ? ಬೀಗರಲ್ಲೇನು ನಾವು?" ಎಂದ ಕೊಟ್ಟೂರಪ್ಪ.

ಉಚ್ಚೆಂಗೆಪ್ಪನವರು ದೊಡ್ಡಬಸಮ್ಮನ ಕಡೆ ನೋಡಿದರು. ಆಕೆ ಎದ್ದು ನಿಂತರು.

"ನಾನೇ ಮುಚ್ಚಿಸಿದ್ದೆ! ನನ್ನ ಮಗ ಅಲ್ಲಿ ವಾರಕ್ಕೊಮ್ಮಿ ಜಳಕ ಮಾಡ್ತಾನ. ಮನಿ ಯಜಮಾನಿ ಅಷ್ಟಕ್ಕೇ ಬಿಸಿನೀರು ಕೊಡ್ತಾಳ. ಉಳಿದ ದಿನ ಕೋಟು ಹಾಕ್ಕೊಂಡು, ಹಾಸಿಗ್ಯಾಗ ಕುಂತು, ಒಂದು ಲೋಟ ನೀರಿನಾಗ ಲಿಂಗಪೂಜಿ ಮಾಡ್ತಾನ. ಜಳಕಿಲ್ಲದ ಅಳಿಯ ಅಂತ ನೀವು ಹೆಣ್ಣು ಬಿಡಿಸ್ತೀರಂತ ಹೆದರಿದ್ದೆ. ಈಗ ಹೇಳೀನಿ. ಏನ್ ಮಾಡ್ಕೋತೀರಿ?"

"ಜಳಕ ಇಲ್ಲದ ಪೂಜಿ ಕೊಟ್ಟೂರಪ್ಪನ ಕನಸಿಗೂ ಬರಲಿಲ್ಲ," ಎಂದರು ಉಚ್ಚೆಂಗೆಪ್ಪನವರು. "ಸುಳ್ಳಿಗೆ ಹಂಪಯ್ಯನ ಕಳೆ ಬರಲಿ ಅಂತ ಜಳಕ ಮಾಡಿಸಿದ. ಅಲ್ಲೇ ಸಿಕ್ಕ."

ನನ್ನ ಮೈಯೆಲ್ಲ ಉರಿಯಿತು. ಸೀತಮ್ಮನ ಬಾಗಿಲಿಗೆ ಬಂದ ಕಳ್ಳನೂ ಕಾವಿಯನ್ನೇ ಉಟ್ಟಿದ್ದ. ಪುರಾಣದಲ್ಲಿ ಅದನ್ನು ಎಷ್ಟು ಸಲ ಕೇಳಿದ್ದೆನೋ. ಅಂಗೈ ಮೇಲಿನ ಲಿಂಗವನ್ನು ಸುಳ್ಳಿಗೆ ಒಡವೆ ಮಾಡಿದವನನ್ನು ಎದುರಿಗೇ ಕಂಡದ್ದು ಅಂದು.

ಕೊಟ್ಟೂರಪ್ಪ ತಲೆ ತಗ್ಗಿಸಿದ. "ಸುಂಕಮ್ಮನ್ನ ಕೊಟ್ರ ಮಾತ್ರ ಮೋಕದಾಂವ ತನ್ನ ತಂಗೀನ ನನಗ ಕೊಡ್ತೀನಂದಿದ್ದ."

"ಖರೇ ಕಾಗದ ಎಲ್ಲೈತಿ?" ಸುಂಕಮ್ಮ ಬಾಯಿ ಬಿಟ್ಟದ್ದು ಅದೇ ಮೊದಲು.

"ಒಲಿಗೆ ಹಾಕಿದೆ."

"ಸುಟ್ಟ ಕೈ ನಿಂದು, ಬಾಯಿ ಇನ್ನೂ ಐತಲ್ಲ. ಏನು ಬರದಿದ್ದ, ಹೇಳು."

"ಓದು ಇನ್ನೂ ಎರಡು ವರ್ಷ ಐತಿ... ಥಂಡಿಗೆ ಕೈ ಬಿರಿದಾವ... ಸುಂಕಮ್ಮ ಕಾಯ್ತಾಳೇನು, ಕೇಳಿ ಬರೀರಿ, ಅಂತ."

ಅವಳು ನನ್ನ ಕೈಯಿಂದ ಲೇಖನಿ ಕಸಿದುಕೊಂಡು, ನೆಲದ ಮೇಲೆ ಕೂತು, ಹಾಳೆ ಹರಿಯುವಂತೆ ಒತ್ತಿ ಎರಡು ಸಾಲು ಬರೆದಳು. ಕೊಟ್ಟೂರಪ್ಪ, "ತಾ, ಅಂಚಿಗೆ ನಾ ಹಾಕ್ತೀನಿ," ಎಂದು ಕೈ ಚಾಚಿದ. ಅವಳು ಲಕೋಟೆಯನ್ನು ತಾನೇ ಅಂಟಿಸಿ ಎರ್ರಣ್ಣನ ಕೈಗಿಟ್ಟಳು.

"ಏನ್ ಬರದ್ಯವ್ವಾ?" ಎಂದರು ದೊಡ್ಡಬಸಮ್ಮ.

"ಕಾಯ್ತೀನಿ ಅಂತ," ಎಂದಳು ಸುಂಕಮ್ಮ. ಸಿಟ್ಟು ಇನ್ನೂ ಇಳಿದಿರಲಿಲ್ಲ. "ಒಂದು ಲೋಟ ನೀರು ಸಾಕು ಅಂತ."