ಭಾನುವಾರ ಮಾತ್ರ ಕೆಡುವ ಹೆಡ್‌ಸೆಟ್

ಬಾಗಿಲು ತೆರೆದವನ ಮುಖದಲ್ಲಿ ನೆತ್ತರೇ ಇರಲಿಲ್ಲ.

"ಕಂಪ್ಯೂಟರ್ ರಿಪೇರಿಯವ್ರು ತಾನೆ? ಬನ್ನಿ, ಬನ್ನಿ... ಚಪ್ಪಲಿ ಇರ್ಲಿ, ಬೇಗ ಬನ್ನಿ!"

ಅವಳು ಹೆಗಲ ಮೇಲಿನ ಟೂಲ್ಸ್ ಚೀಲವನ್ನು ಸರಿಮಾಡಿಕೊಳ್ಳುವಷ್ಟರಲ್ಲಿ ಅವನು ಒಳಗೆ ಓಡಿಯಾಗಿತ್ತು. ಕಿಟಕಿ ಪಕ್ಕದ ಚಿಕ್ಕ ಕೋಣೆ. ಪರದೆಯ ಮೇಲೆ ಆಸ್ಪತ್ರೆಯ ಹಾಸಿಗೆ, ಅದರಲ್ಲಿ ಕಂಗಾಲಾದ ಒಬ್ಬ ಮುದುಕ, ಪಕ್ಕದಲ್ಲಿ ಗಡಿಯಾರ ನೋಡುತ್ತಿದ್ದ ಡಾಕ್ಟರು.

"ಅವರ ಮಾತು ನಂಗೆ ಕೇಳಿಸ್ತಿದೆ. ನನ್ನ ಮಾತು ಅವರಿಗೆ ಕೇಳಿಸ್ತಿಲ್ಲ! ಹದಿನೈದು ನಿಮಿಷ ಕಾಯ್ತೀವಿ ಅಂದಿದಾರೆ... ಇನ್ನೆರಡು ನಿಮಿಷ ಉಳಿದಿದೆ!"

ಅವನು ದುಭಾಷಿ. ರೋಗಿಗೆ ಡಾಕ್ಟರ ಭಾಷೆ ಬಾರದು, ಡಾಕ್ಟರಿಗೆ ರೋಗಿಯ ಭಾಷೆ ಬಾರದು. ನಡುವೆ ಮನೆಯಲ್ಲೇ ಕೂತು, ಹೆಡ್‌ಸೆಟ್ ಹಾಕಿಕೊಂಡು, ಇವರದನ್ನು ಅವರಿಗೂ ಅವರದನ್ನು ಇವರಿಗೂ ಮುಟ್ಟಿಸುವುದು ಅವನ ಕೆಲಸ.

ಅವಳು ಮೇಜಿನ ಮೇಲೆ ಬಾಗಿದಳು. ನಾಡಿ ಹಿಡಿದು ನೋಡುವವಳಂತೆ ಹೆಡ್‌ಸೆಟ್ಟಿನ ವೈರನ್ನು ಎರಡು ಬೆರಳಲ್ಲಿ ಹಿಡಿದು ಕೆಳಗಿನವರೆಗೂ ಸವರಿದಳು. ನಡುವೆ ಅಕ್ಕಿಕಾಳಿನಷ್ಟು ಚಿಕ್ಕ ಸ್ವಿಚ್ಚು. ಟಕ್!

"ಈಗ ಮಾತಾಡಿ."

"ಡಾಕ್ಟರ್...?"

ಪರದೆಯ ಮೇಲೆ ಡಾಕ್ಟರು ಹೆಬ್ಬೆರಳೆತ್ತಿ ನಕ್ಕರು.

ಅವನು ತಿರುಗಿ ಅವಳನ್ನು ನೋಡಿದ. ಮುಳುಗುತ್ತಿದ್ದವನು ಕೈಕೊಟ್ಟವರನ್ನು ನೋಡುವ ನೋಟ! ಅವಳಿಗೆ ಏಕೋ ಕಣ್ಣು ತಗ್ಗಿಸುವಂತಾಯಿತು.

"ದಯವಿಟ್ಟು ಸ್ವಲ್ಪ ಹೊರಗೆ... ರೋಗಿಯ ವಿಷಯ, ಬೇರೆಯವರು ಕೇಳೋ ಹಾಗಿಲ್ಲ."

ಬಾಗಿಲು ಎಳೆದುಕೊಳ್ಳುವಾಗ ಒಂದೇ ಒಂದು ಮಾತು ಅವಳ ಕಿವಿಗೆ ಬಿತ್ತು. "ಹೆದ್ರ್ಕೋಬೇಡಿ ತಾತಾ... ನಾನಿದೀನಿ, ನಿಧಾನವಾಗಿ ಹೇಳಿ."

ಈಗಷ್ಟೇ ಕಾದ ಕಾವಲಿಯ ಮೇಲೆ ನಿಂತವನಂತೆ ಕುಣಿಯುತ್ತಿದ್ದವನ ದನಿಯೇ ಇದು? ಎಷ್ಟು ಮೃದು... ಎಷ್ಟು ಸಮಾಧಾನ...

'ಯಾರಪ್ಪಾ ಇವನು...' ಎಂದುಕೊಂಡಳು.

"ಏನಾಗಿತ್ತು ಮಗಾ?"

ಹಜಾರದ ಸೋಫಾದಲ್ಲಿ ಅವನ ಅಜ್ಜಿ ಕೂತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ತಂತಿ ಜೋಡಿಸಿ ನಿವೃತ್ತರಾದವರು. ಕಿವಿ ಇನ್ನೂ ಚುರುಕು, ಕಣ್ಣು ಅದಕ್ಕಿಂತ ಚುರುಕು.

"ಮೈಕಿನ ಸ್ವಿಚ್ಚು ಆಫಾಗಿತ್ತು ಅಜ್ಜಿ. ಶರ್ಟಿನ ಗುಂಡಿಗೆ ತಾಗಿರ್ಬೇಕು."

"ಇಷ್ಟೇನಾ? ಅದ್ರಲ್ಲಿ ಇನ್ನೂ ಏನೇನು ಕೆಡುತ್ತೆ?"

ಅಜ್ಜಿ ಎಷ್ಟು ಆಸೆಯಿಂದ ಕೇಳಿದರೆಂದರೆ, ಅವಳು ಕೂತೇಬಿಟ್ಟಳು. ಅಷ್ಟು ಮನೆಗಳಿಗೆ ಹೋಗುತ್ತಿದ್ದರೂ ಅವಳ ಕೆಲಸದ ಬಗ್ಗೆ ಇದುವರೆಗೆ ಯಾರೂ ಹೀಗೆ ಕೇಳಿರಲಿಲ್ಲ.

"ಮೊದ್ಲು ಸ್ವಿಚ್ ನೋಡ್ಬೇಕು. ಆಮೇಲೆ ಪಿನ್ನು ಪೂರ್ತಿ ಒಳಗೆ ಹೋಗಿದ್ಯಾ ಅಂತ. ಆಮೇಲೆ ಸೆಟ್ಟಿಂಗ್ಸಲ್ಲಿ ಶಬ್ದ ಹೆಡ್‌ಸೆಟ್ಟಿಗೆ ಹೋಗ್ತಿದ್ಯಾ, ಬೇರೆ ಕಡೆ ಹೋಗ್ತಿದ್ಯಾ ಅಂತ. ಯಾವುದಕ್ಕೂ ಬಗ್ಗಲಿಲ್ಲ ಅಂದ್ರೆ ಕಂಪ್ಯೂಟರನ್ನ ಒಂದ್ಸಲ ಆರಿಸಿ ಹಾಕೋದು. ಅರ್ಧ ಮನೆಗಳಲ್ಲಿ ಮಿಷನ್ನಿಗೆ ಏನೂ ಆಗಿರಲ್ಲ ಅಜ್ಜಿ... ಮನುಷ್ಯರು ಗಾಬರಿ ಬಿದ್ದಿರ್ತಾರೆ ಅಷ್ಟೆ."

"ಜಾಣೆ! ಮೆಕ್ಯಾನಿಕ್ಕಮ್ಮ ಅಂದ್ರೆ ಹೀಗಿರ್ಬೇಕು," ಎಂದರು ಅಜ್ಜಿ. "ಪಿನ್ನು ಅಂದ್ಯಲ್ಲ, ಅದು ಹಿಂದ್ಗಡೆ ಹಸಿರು ತೂತಿಗೆ ಹಾಕೋದು ತಾನೆ?"

ಅವಳು ನಕ್ಕು ಹೌದೆಂದಳು.

ಅದೇ ವಾರದ ಭಾನುವಾರ ಅಂಗಡಿಗೆ ಫೋನು ಬಂತು. ಎತ್ತಿದ್ದು ಅಕ್ಕ. ಅಂಗಡಿ ಅಕ್ಕತಂಗಿಯರಿಬ್ಬರದು, ಅಕ್ಕ ಕೌಂಟರಿನಲ್ಲಿ ಕೂತರೆ, ಇವಳು ಸ್ಕೂಟರಿನಲ್ಲಿ ಮನೆಮನೆ ಸುತ್ತುವುದು.

"ಅದೇ ದುಭಾಷಿ ಕಣೇ. ಈ ಸಲ ಏನೂ ಕೇಳಿಸ್ತಾನೇ ಇಲ್ವಂತೆ."

ಹೋಗಿ ನೋಡಿದರೆ ಪಿನ್ನು ಅರ್ಧ ಹೊರಗೆ ಬಂದಿತ್ತು. ಒತ್ತಿದಳು, ಸರಿಹೋಯಿತು. ಆದರೆ ಚಹಾ ಕುಡಿದು, ಅವನು ಸುಲಿದುಕೊಟ್ಟ ಕಿತ್ತಳೆ ತಿಂದು, ಹೊರಡುವಾಗ ಒಂದು ಗಂಟೆಯಾಗಿತ್ತು.

ಅದರ ಮುಂದಿನ ಭಾನುವಾರ ಶಬ್ದವೆಲ್ಲ ಮಾನಿಟರಿನ ಸ್ಪೀಕರಿಗೆ ಹೋಗುತ್ತಿತ್ತು. ಮೂರನೆಯ ಭಾನುವಾರ ಮೈಕಿನ ವಾಲ್ಯೂಮ್ ಸೊನ್ನೆಗೆ ಇಳಿದಿತ್ತು.

"ಏನೇ ಇದು?" ಅಕ್ಕ ಹುಬ್ಬೇರಿಸಿದಳು. "ಹೊಸ ಓಲೆ ಹಾಕ್ಕೊಂಡು ಯಾವ ಕಂಪ್ಯೂಟರ್ ರಿಪೇರಿ ಮಾಡೋಕೆ ಹೊರಟಿದೀಯ?"

"ಹಳೇದು ಸಿಗ್ಲಿಲ್ಲ ಅಕ್ಕಾ..."

"ಸಿಗಲ್ಲ, ಸಿಗಲ್ಲ. ಕಣ್ಣೇ ನೆಟ್ಟಗಿಲ್ಲದಾಗ ಓಲೆ ಎಲ್ಲಿ ಸಿಗುತ್ತೆ!"

ಅವಳು ದಡ್ಡಿಯಲ್ಲ. ಹೆಡ್‌ಸೆಟ್ಟುಗಳಿಗೆ ಭಾನುವಾರ ಬಂತೆಂದು ಗೊತ್ತಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. 'ಅವನೇ ಕಿತ್ತಿಟ್ಟು ಕರೆಸ್ತಿದಾನೆ...' ಎಂದುಕೊಂಡಾಗಲೆಲ್ಲ ಕೆನ್ನೆ ಬಿಸಿಯಾಗುತ್ತಿತ್ತು. ಕೋಪ ಬರಬೇಕಿತ್ತು... ಬರುತ್ತಿರಲಿಲ್ಲ! ಮನಸ್ಸು ತುಪ್ಪದಲ್ಲಿ ಬಿದ್ದಂತಿತ್ತು.

ಆದರೆ ಐದನೆಯ ಸಲ ಫೋನು ಬಂದದ್ದು ಬುಧವಾರ.

ಬಾಗಿಲು ತೆರೆದವನು ನಗಲಿಲ್ಲ. ಬನ್ನಿ ಎನ್ನಲೂ ಇಲ್ಲ.

"ಒಬ್ಬ ತಾಯಿ," ಎಂದ. "ಮಗೂನ ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋಗ್ತಿದ್ರು. ಏನು ಮಾಡ್ತಾರೆ ಅಂತ ನಾನು ಆಯಮ್ಮನಿಗೆ ಹೇಳ್ತಾ ಇದ್ದೆ. ಅರ್ಧಕ್ಕೇ ಗರಗರ ಅಂತು, ನಿಂತುಹೋಯ್ತು. ಬೇರೆ ದುಭಾಷಿ ಸಿಗೋಕೆ ಹನ್ನೊಂದು ನಿಮಿಷ ಆಯ್ತಂತೆ. ಹನ್ನೊಂದು ನಿಮಿಷ ಆ ತಾಯಿ ಏನೂ ಅರ್ಥ ಆಗದೆ ಅಳ್ತಾ ಕೂತಿದ್ಲು!"

"ಮಗು...?"

"ಮಗು ಚೆನ್ನಾಗಿದೆ. ದೇವರು ದೊಡ್ಡವನು." ಅವನು ಉಸಿರೆಳೆದುಕೊಂಡ. "ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಪ್ರತಿ ಸಲ ನೀವು ಬಂದು ಸರಿಮಾಡಿ ಹೋಗ್ತೀರ, ಮುಂದಿನ ವಾರ ಇನ್ನೊಂದು ಕೆಡುತ್ತೆ. ಮತ್ತೆ ಕರೀಲಿ ಅಂತ ನೀವೇ ಏನಾದ್ರೂ... ಸಡಿಲ ಬಿಟ್ಟು ಹೋಗ್ತಿದೀರಾ?"

ಅವಳಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು.

"ನಾನಾ?! ನೀವೇ ಕಿತ್ತಿಟ್ಟು ನನ್ನ ಕರೆಸ್ತಿದೀರ ಅಂತ ನಾನು ಅಂದ್ಕೊಂಡಿದ್ದೆ! ನಾನು... ನಾನು ಅದಕ್ಕೆ..."

'ಅದಕ್ಕೆ ಖುಷಿಪಟ್ಟಿದ್ದೆ' ಎಂಬ ಮಾತು ತುಟಿಯವರೆಗೆ ಬಂದು ನಿಂತಿತು. ಛೇ! ಎಂಥ ಅವಮಾನ...

ಮೇಜಿನ ಮೇಲಿದ್ದ ಕೆಟ್ಟ ಹೆಡ್‌ಸೆಟ್ಟನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು. ತನ್ನ ಸ್ವಂತದ ಹೆಡ್‌ಸೆಟ್ಟನ್ನು ತೆಗೆದು ಅದೇ ಜಾಗದಲ್ಲಿಟ್ಟಳು.

"ಇದ್ರಲ್ಲಿ ಕೆಲ್ಸ ಮಾಡ್ಕೊಳ್ಳಿ. ರೋಗಿಗಳು ಕಾಯ್ಬಾರ್ದು."

ಮೆಟ್ಟಿಲಿಳಿಯುವವರೆಗೂ ಅಳಲಿಲ್ಲ. ಸ್ಕೂಟರ್ ಹತ್ತಿದ ಮೇಲೆ ಹೆಲ್ಮೆಟ್ಟಿನೊಳಗೆ ಅತ್ತಳು. ಅಲ್ಲಿ ಯಾರಿಗೂ ಕಾಣುವುದಿಲ್ಲವಲ್ಲ.

ಅಂಗಡಿಯ ಮೇಜಿನ ಮೇಲೆ, ದೀಪದ ಕೆಳಗೆ, ಆ ವೈರನ್ನು ಗೇಣುಗೇಣು ಪರೀಕ್ಷಿಸಿದಳು. ಒಂದು ಕಡೆ ಹೊರಗಿನ ರಬ್ಬರು ಚಪ್ಪಟೆಯಾಗಿತ್ತು. ಬಿಡಿಸಿ ನೋಡಿದರೆ ಒಳಗಿನ ತಾಮ್ರದ ಎಳೆ ಕಡಿದಿತ್ತು. ಕುರ್ಚಿಯ ಚಕ್ರ! ಅವನ ಕುರ್ಚಿಯ ಚಕ್ರವೇ ದಿನವೂ ವೈರಿನ ಮೇಲೆ ಹತ್ತಿಳಿದು, ಕೊನೆಗೆ ಎಳೆ ತುಂಡಾಗಿತ್ತು.

ಕಡಿದ ಭಾಗ ಕತ್ತರಿಸಿ, ಬೆಸುಗೆ ಹಾಕಿ, ಮೇಲೆ ಗಟ್ಟಿಯಾದ ಕೊಳವೆ ಸುತ್ತಿದಳು. ಕೈ ತನ್ನ ಕೆಲಸ ಮಾಡಿತು. ಮನಸ್ಸು ಮಾತ್ರ ಅದೇ ಮಾತನ್ನು ಮೆಲುಕು ಹಾಕುತ್ತಿತ್ತು. 'ಸಡಿಲ ಬಿಟ್ಟು ಹೋಗ್ತಿದೀರಾ...'

ಗುರುವಾರ ಅವನು ಎರಡು ಸಲ ಫೋನು ಮಾಡಿದ. ಶುಕ್ರವಾರ ಮೂರು ಸಲ.

"ಇಲ್ಲ ಅಂತ ಹೇಳಕ್ಕಾ."

"ಇಲ್ಲ ಅಂತ ಹೇಳು ಅಂತಿದಾಳೆ ಸಾರ್," ಎಂದಳು ಅಕ್ಕ ಫೋನಿನಲ್ಲಿ, ಒಂದು ಚೂರೂ ನಗದೆ.

ಭಾನುವಾರ ಬೆಳಗ್ಗೆ ಅಂಗಡಿಯ ಕಂಪ್ಯೂಟರಿನಲ್ಲಿ ವಿಡಿಯೋ ಕರೆಯೊಂದು ಬಂತು. ಗಿರಾಕಿಗಳ ತುರ್ತಿಗೆಂದು ಅವಳೇ ಅವರವರ ಪರದೆಯ ಮೇಲೆ ಒಂದು ಗುಂಡಿ ಇಟ್ಟುಕೊಡುತ್ತಿದ್ದಳು. ಒತ್ತಿದರೆ ಸೀದಾ ಅಂಗಡಿಗೆ ಕರೆ.

ಪರದೆಯ ತುಂಬ ಅಜ್ಜಿಯ ಹಣೆ. ತಲೆಯ ಮೇಲೆ ಅವಳು ಬಿಟ್ಟುಬಂದಿದ್ದ ಹೆಡ್‌ಸೆಟ್ಟು.

"ಮೆಕ್ಯಾನಿಕ್ಕಮ್ಮಾ! ಶಬ್ದಾನೇ ಬರ್ತಿಲ್ಲ ಕಣೇ. ಬೇಗ ಬಾ!"

"ಶಬ್ದ ಬರ್ತಿಲ್ಲ ಅಂದ್ರೆ ನನ್ನ ಮಾತು ಹೇಗೆ ಕೇಳಿಸ್ತಿದೆ ಅಜ್ಜಿ?"

ಅಜ್ಜಿ ಒಂದು ಗಳಿಗೆ ತಬ್ಬಿಬ್ಬಾದರು. "ಅದು... ಬರುತ್ತೆ, ಹೋಗುತ್ತೆ. ಸ್ವಿಚ್ ನೋಡ್ದೆ, ಆನ್ ಇದೆ. ಪಿನ್ನು ಪೂರ್ತಿ ಒಳಗಿದೆ. ಸೆಟ್ಟಿಂಗ್ಸಲ್ಲೂ ಹೆಡ್‌ಸೆಟ್ಟೇ ಇದೆ, ಮಾನಿಟರ್ ಇಲ್ಲ. ಮೈಕಿನ ವಾಲ್ಯೂಮು ತೊಂಬತ್ತು. ಆರಿಸಿ ಹಾಕಿದ್ದೂ ಆಯ್ತು."

ಅವಳು ಪರದೆಯನ್ನೇ ನೋಡಿದಳು. ಸ್ವಿಚ್ಚು... ಪಿನ್ನು... ಸೆಟ್ಟಿಂಗ್ಸು... ವಾಲ್ಯೂಮು...

"ಅಜ್ಜೀ! ಅದನ್ನೆಲ್ಲ ಕೆಡಿಸಿದ್ದು ನೀವಾ?!"

ಆಗಲೇ ಅಜ್ಜಿಯ ಹಿಂದೆ ಕೋಣೆಯ ಬಾಗಿಲು ತೆರೆಯಿತು. ಕೈಯಲ್ಲಿ ತರಕಾರಿ ಚೀಲ ಹಿಡಿದು ಅವನು ನಿಂತಿದ್ದ. ಹೆಡ್‌ಸೆಟ್ ಅಜ್ಜಿಯ ಕಿವಿಯಲ್ಲಿದ್ದುದರಿಂದ ಅವನಿಗೆ ಇವಳ ದನಿ ಕೇಳಿಸುತ್ತಿರಲಿಲ್ಲ. ಅಜ್ಜಿಯ ದನಿ ಮಾತ್ರ ಬೀದಿಯವರೆಗೂ ಕೇಳಿಸುವಂತಿತ್ತು.

"ಹೌದು ಕಣೇ, ನಾನೇ ಕಿತ್ತಿದ್ದು! ಏನೀಗ? ಭಾನುವಾರ ಮಾತ್ರ, ಅವನಿಗೆ ರಜೆ ಇರೋ ದಿನ. ಕೆಲಸದ ದಿನ ನಾನು ಅದ್ರ ಹತ್ರಾನೂ ಸುಳಿಯೋಳಲ್ಲ. ಬುಧವಾರದ್ದು ನಾನಲ್ಲ, ಆಣೆ!"

"ಯಾಕಜ್ಜೀ...?"

"ಯಾಕಾ? ಮೂವತ್ತು ವರ್ಷ ಊರಿಗೆಲ್ಲ ಕನೆಕ್ಷನ್ ಕೊಟ್ಟೋಳು ನಾನು. ಮೊಮ್ಮಗನಿಗೆ ಒಂದು ಕೊಡ್ಬಾರ್ದಾ? ಅವನಾಗಿ ಬಾಯಿ ಬಿಡೋ ಹೊತ್ತಿಗೆ ನಾನು ಇರಲ್ಲ! ಶನಿವಾರ ಸಂಜೆ ಶರ್ಟ್ ಇಸ್ತ್ರಿ ಮಾಡ್ಕೋತಾನೆ. ಭಾನುವಾರ ಹೋಗಿ ಹೋಗಿ ಕಂಪ್ಯೂಟರ್ ನೋಡ್ತಾನೆ, ಕೆಟ್ಟಿದ್ಯಾ ಅಂತ. ಕೆಟ್ಟಿದ್ರೆ ಅವನ ಮುಖ ನೋಡ್ಬೇಕು ನೀನು... ಲಾಟರಿ ಹೊಡೆದೋರ ಹಾಗೆ!"

ಅವನ ಕೈಯಿಂದ ಚೀಲ ಜಾರಿತು. ಟೊಮೇಟೊಗಳು ನೆಲದ ತುಂಬ ಉರುಳಿದವು.

ಅಜ್ಜಿ ತಿರುಗಿ ನೋಡಿ, "ಅಯ್ಯೋ, ಬಂದ್ಯಾ?" ಎಂದರು. ಅಂಗಡಿಯಲ್ಲಿ ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.

ಅವನು ಮೆಲ್ಲಗೆ ಅಜ್ಜಿಯ ತಲೆಯಿಂದ ಹೆಡ್‌ಸೆಟ್ ತೆಗೆದು ತಾನು ಹಾಕಿಕೊಂಡ. ಕಿವಿಗಳೆರಡೂ ಕೆಂಪು ಕೆಂಪು.

"ನಾನು... ಆವತ್ತು ನಿಮಗೆ ಅಂದಿದ್ದು... ದೊಡ್ಡ ತಪ್ಪು."

"ನಿಮ್ಮ ಕುರ್ಚಿಯ ಚಕ್ರ ವೈರನ್ನ ಕಡಿದಿತ್ತು," ಎಂದಳು ಅವಳು. ಗಂಭೀರವಾಗಿರಲು ಎಷ್ಟು ಪ್ರಯತ್ನಪಟ್ಟರೂ ತುಟಿಯಂಚು ಮಾತು ಕೇಳುತ್ತಿರಲಿಲ್ಲ. "ಬೆಸುಗೆ ಹಾಕಿದೀನಿ. ಇನ್ಮೇಲೆ ವೈರನ್ನ ಮೇಜಿನ ಹಿಂದ್ಗಡೆಯಿಂದ ತಗೊಳ್ಳಿ."

"ಇದನ್ನೆಲ್ಲ ವೈರಲ್ಲಿ ಮಾತಾಡೋದು ಬೇಡ. ಬಂದೆ... ಇರಿ, ಎಲ್ಲೂ ಹೋಗ್ಬೇಡಿ!"

ಪರದೆಯಿಂದ ಅವನು ಮಾಯವಾದ. ಅಜ್ಜಿ ಬಾಗಿ ಟೊಮೇಟೊ ಹೆಕ್ಕುತ್ತಿರುವುದಷ್ಟೇ ಕಂಡಿತು.

ಎರಡು ಬೀದಿ ದೂರ. ಅವನು ಬಂದಾಗ ಉಬ್ಬಸ ಹತ್ತಿತ್ತು. ಒಂದು ಕಾಲಲ್ಲಿ ಅವನ ಚಪ್ಪಲಿ, ಇನ್ನೊಂದರಲ್ಲಿ ಅಜ್ಜಿಯದು.

ಅಕ್ಕ ಅದನ್ನು ನೋಡಿದಳು, ತಂಗಿಯನ್ನು ನೋಡಿದಳು. "ನಂಗೆ ಹಿಂದ್ಗಡೆ ಗೋಡೌನಲ್ಲಿ ಕೆಲ್ಸ ಇದೆ," ಎಂದು ಎದ್ದುಹೋದಳು. ಗೋಡೌನೆಂದರೆ ಒಂದು ಕಪಾಟು.

ಕೌಂಟರಿನ ಆ ಕಡೆ ಅವನು, ಈ ಕಡೆ ಅವಳು.

"ಆ ತಾಯಿ ಅಳ್ತಿದ್ದದ್ದು ತಲೆ ಕೆಡಿಸಿತ್ತು. ಆ ಸಿಟ್ಟನ್ನ ತಂದು ನಿಮ್ಮ ಮೇಲೆ ಹಾಕ್ದೆ," ಎಂದ ಅವನು. "ಆದ್ರೂ ನೀವು ನಿಮ್ಮ ಹೆಡ್‌ಸೆಟ್ ಬಿಟ್ಟು ಹೋದ್ರಿ. ಬೈಸ್ಕೊಂಡ ಮೇಲೂ ರೋಗಿಗಳ ಬಗ್ಗೆ ಯೋಚನೆ ಮಾಡಿದ್ರಿ. ನಾಲ್ಕು ದಿನ ಅದನ್ನ ತಲೆಗಿಟ್ಕೊಂಡಾಗಲೆಲ್ಲ... ನನ್ನ ತಲೆಗೇ ಯಾರಾದ್ರೂ ಕುಟ್ಟಬಾರದಾ ಅನ್ನಿಸ್ತಿತ್ತು."

ಅವಳು ನಕ್ಕಳು. ಕಣ್ಣಲ್ಲಿ ನೀರೂ ಬಂತು.

"ದಿನಾ ನೂರು ಜನರ ಮಾತು ತಡವರಿಸದೆ ಹೇಳ್ತೀನಿ," ಎಂದ. "ನಂದೊಂದು ಮಾತು ಹೇಳೋಕೆ ಒಂದು ತಿಂಗಳಿಂದ ಬಾಯೇ ಬರ್ತಿಲ್ಲ. ನಂಗೆ ನೀವಂದ್ರೆ ಇಷ್ಟ. ತುಂಬಾ ಇಷ್ಟ. ಕಂಪ್ಯೂಟರ್ ಚೆನ್ನಾಗಿದ್ರೂ ನೀವು ಮನೆಗೆ ಬರ್ಬೇಕು... ಬರ್ತೀರಾ?"

ಎಷ್ಟೋ ಮನೆಗಳ ಬಾಗಿಲಲ್ಲಿ ಎಷ್ಟೋ ಜನ ಅವಳನ್ನು ಕರೆದಿದ್ದರು. ಕೆಟ್ಟದ್ದೇನೂ ಇಲ್ಲದೆ, ಸುಮ್ಮನೆ ಅವಳಿಗಾಗಿಯೇ ಕರೆದವನು ಇವನೊಬ್ಬನೇ!

"ನೀವೇ ಕಿತ್ತಿಡ್ತಿದೀರ ಅಂದ್ಕೊಂಡಾಗ," ಎಂದಳು ಮೆಲ್ಲಗೆ, "ನಂಗೆ ಕೋಪಾನೇ ಬಂದಿರ್ಲಿಲ್ಲ. ಖುಷಿಯಾಗಿತ್ತು. ಬುಧವಾರ ಹೇಳೋಕೆ ಹೋಗಿ ನುಂಗ್ಕೊಂಡಿದ್ದು ಅದೇ."

ಅವನು ಕೌಂಟರಿನ ಮೇಲೆ ಕೈ ಚಾಚಿದ. ಬೆಸುಗೆಯ ಮಸಿ ಅಂಟಿದ ಬೆರಳುಗಳನ್ನು ಅವಳು ಮೊದಲು ಅಂಗಿಗೆ ಒರೆಸಿಕೊಂಡಳು. ಆಮೇಲೆ ಅವನ ಅಂಗೈಯಲ್ಲಿಟ್ಟಳು.

ಕಪಾಟಿನ ಕಡೆಯಿಂದ ಏನೋ ಬಿದ್ದ ಸದ್ದು. ಅಕ್ಕನ "ಏನಿಲ್ಲ, ಏನಿಲ್ಲ!" ಎಂಬ ದನಿ.

"ಇನ್ಮೇಲೆ ಈ 'ನೀವು', 'ಬನ್ನಿ' ಎಲ್ಲ ಬೇಡ," ಎಂದಳು ಅವಳು.

"ಮತ್ತೆ?"

"ನೀನು ಅನ್ನಿ."

"ನೀನು..." ಅವನು ಆ ಒಂದು ಪದವನ್ನು ಬಾಯಲ್ಲಿ ಕಲ್ಲುಸಕ್ಕರೆಯಂತೆ ಹೊರಳಿಸಿದ. ಎರಡು ಭಾಷೆ ಬಲ್ಲವನಿಗೆ ಒಂದು ವಾಕ್ಯ ಸಿಗಲಿಲ್ಲ. ಕೊನೆಗೆ ಕೇಳಿದ:

"ನೀನು... ಊಟ ಮಾಡಿದ್ಯಾ?"

"ಇಲ್ಲ."

"ಹಾಗಾದ್ರೆ ಬಾ."

"ಬಂದೆ ಕಣೋ," ಎಂದಳು ಅವಳು.